ಹಿಂದಿನ ಸೀಟಿನಲ್ಲಿ ಕೂತು ಕಾರು ಆರಿಸಿ

ಮಧುಗಿರಿ ಸಾರಿಗೆ ಕಚೇರಿಯ ಕೆಎ–64 ಫಲಕ ಹೊತ್ತ ದೊಡ್ಡ ಎಸ್‌ಯುವಿಗಳು ಈಗ ಶಿರಾದ ಬೀದಿಗಳಲ್ಲೂ ಕೊರಟಗೆರೆಯ ತೋಟದ ದಾರಿಗಳಲ್ಲೂ ಅಪರೂಪವಲ್ಲ. ಅಡಿಕೆ, ಶೇಂಗಾ, ಕಲ್ಲುಗಣಿ, ಗುತ್ತಿಗೆ, ವೈದ್ಯವೃತ್ತಿ, ದುಡಿಮೆ ಯಾವುದೇ ಇರಲಿ, ಕೈಯಲ್ಲಿ ನಾಲ್ಕು ಕಾಸು ನಿಂತ ಮೇಲೆ ಮನೆಮಂದಿಯೆಲ್ಲ ಸುಖವಾಗಿ ಓಡಾಡುವಂಥ ಗಾಡಿ ಬೇಕು ಅನ್ನುವುದು ನ್ಯಾಯವಾದ ಆಸೆ. ಆದರೆ ಮೂವತ್ತು ಲಕ್ಷ, ಐವತ್ತು ಲಕ್ಷ ಸುರಿದು ತಂದ ಗಾಡಿಯಲ್ಲೂ ಅಜ್ಜಿ ಸೊಂಟ ಹಿಡಿದುಕೊಂಡು ಇಳಿಯುವುದು, ಮಿಡಿಗೇಶಿ ದಾಟುವಷ್ಟರಲ್ಲಿ ಮಗುವಿಗೆ ವಾಂತಿಯಾಗುವುದು, ಹಿಂದೆ ಕೂತವರ ಮಾತು ಮುಂದಿನವರಿಗೆ ಕೇಳದಿರುವುದು ತಪ್ಪುತ್ತಿಲ್ಲ. ಕಾರಣ ಸರಳವಾಗಿದೆ. ಹೆಚ್ಚಿನ ಮನೆಗಳಲ್ಲಿ ಕಾರನ್ನು ಆರಿಸುವವರು ಓಡಿಸುವವರು. ಅದರೊಳಗೆ ಹೆಚ್ಚು ಹೊತ್ತು ಮೈ ನೋಯಿಸಿಕೊಂಡು ಕೂರುವವರು ಬೇರೆ. ಕುಟುಂಬಕ್ಕೆಂದು ತರುವ ಗಾಡಿಯನ್ನು ಎರಡನೇ ಸಾಲಿನಲ್ಲಿ ಕೂತು ಆರಿಸಬೇಕು. ಈ ಬರಹದಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟೇ. ಅದನ್ನು ಹೇಗೆ ಮಾಡುವುದು ಎಂಬುದು ಮುಂದಿದೆ.

ಮೊದಲು ನಮ್ಮ ರಸ್ತೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ರಸ್ತೆ ಒಂದೇ ಥರ ಇಲ್ಲ. ಶಿರಾವನ್ನು ಬೆಂಗಳೂರು–ಪುಣೆ ಹೆದ್ದಾರಿ 48 ಹಾದುಹೋಗುತ್ತದೆ. ಕಳ್ಳಂಬೆಳ್ಳ, ಸೀಬಿ ದಾಟಿ ತುಮಕೂರಿನವರೆಗೆ ಒಂದೇ ವೇಗದಲ್ಲಿ ಬರಬಹುದು. ಹೊನ್ನಾವರ–ಚಿತ್ತೂರು ಹೆದ್ದಾರಿ 69 ಶಿರಾದಿಂದ ಬಡವನಹಳ್ಳಿ, ಮಧುಗಿರಿ ಮುಟ್ಟಿ ಗೌರಿಬಿದನೂರಿನ ಕಡೆ ತಿರುಗುತ್ತದೆ. ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ 33 ತುಮಕೂರು, ಕೊರಟಗೆರೆ, ಮಧುಗಿರಿಗಳನ್ನು ಪೋಣಿಸಿಕೊಂಡು, ನಡುವೆ ಆಂಧ್ರದ ನೆಲ ತುಳಿದು ಪಾವಗಡ ಸೇರುತ್ತದೆ. ಇವುಗಳಿಂದ ಇಳಿದರೆ ಸಿಗುವುದು ಗುಂಡಿ ಬಿದ್ದ ಡಾಂಬರು, ಜಲ್ಲಿ ಎದ್ದ ಹಳ್ಳಿ ದಾರಿ, ತೋಟದ ಮಣ್ಣು ದಾರಿ.

ಇವೆಲ್ಲಕ್ಕೂ ಸಮಾನವಾದದ್ದು ಊರೂರಿನ ಹಂಪು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಕುಲುಕದೆ ದಾಟಲಿ ಎಂಬುದು ಅದರ ಲೆಕ್ಕ. ನಮ್ಮಲ್ಲಿ ಅಪಘಾತವಾದ ಮರುದಿನ ಊರವರೇ ಮಣ್ಣು, ಕಾಂಕ್ರೀಟು ಸುರಿದು ಕಟ್ಟಿದ ಹಂಪುಗಳು ಇದರ ಕಾಲು ಭಾಗ ಅಗಲವೂ ಇರುವುದಿಲ್ಲ, ಎತ್ತರ ಮಾತ್ರ ಜಾಸ್ತಿ. ಅವರ ಭಯ ನಿಜವಾದದ್ದು. ಆದರೆ ಅಂಥ ಹಂಪನ್ನು ಏರಿ ಇಳಿಯುವಾಗ ಹಿಂದಿನ ಚಕ್ರದ ಮೇಲೆ ಕೂತವರ ಬೆನ್ನುಮೂಳೆಗೆ ಬೀಳುವ ಪೆಟ್ಟೂ ನಿಜವೇ. ಮಧುಗಿರಿಯಿಂದ ತುಮಕೂರಿನ ಆಸ್ಪತ್ರೆಗೆ ಹೋಗಿ ಬರುವ ರೋಗಿಗೆ ಇಂಥ ಎಷ್ಟೋ ಪೆಟ್ಟುಗಳು ಬೀಳುತ್ತವೆ. ನಮ್ಮ ಕಡೆಯ ಕಾರಿಗೆ ಇದೇ ನಿಜವಾದ ಪರೀಕ್ಷೆ. ವಿದೇಶದ ನಯವಾದ ರಸ್ತೆಯಲ್ಲಿ ಬರೆದ ಹೊಗಳಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸದ್ದು ಎಲ್ಲಿಂದ ಬರುತ್ತದೆ

ಕಾರಿನೊಳಗಿನ ಸದ್ದೆಂದರೆ ಎಂಜಿನ್ ಎಂದೇ ಹಲವರ ಭಾವನೆ. ಗಾಡಿ ನಿಂತಿದ್ದಾಗ, ಸಂತೆ ಬೀದಿಯಲ್ಲಿ ನಿಧಾನ ಹೋಗುವಾಗ ಅದು ಸರಿ. ಐವತ್ತರ ವೇಗ ದಾಟುತ್ತಿದ್ದಂತೆ ಟೈರ್ ಮತ್ತು ರಸ್ತೆಯ ಉಜ್ಜಾಟವೇ ಮೇಲುಗೈ ಪಡೆಯುತ್ತದೆ. ನೂರರ ಹತ್ತಿರ ಹೋದರೆ ಗಾಳಿಯ ಸುಯ್ಯಾಟ ಸೇರಿಕೊಳ್ಳುತ್ತದೆ. ಆದ್ದರಿಂದ ಷೋರೂಂ ಮುಂದೆ ನಿಲ್ಲಿಸಿ ಬಾಗಿಲು ಹಾಕಿ ‘ಎಷ್ಟು ಸೈಲೆಂಟು ನೋಡಿ’ ಎಂದು ತೋರಿಸುವುದರಿಂದ ಏನೂ ತಿಳಿಯುವುದಿಲ್ಲ.

ಟೈರ್ ಸದ್ದು ಮೂರು ವಿಷಯಗಳ ಮೇಲೆ ನಿಂತಿದೆ. ಒಂದು, ಟೈರಿನ ಮೈ. ಮಣ್ಣು ರಸ್ತೆಗೆಂದು ಮಾಡಿದ ದಪ್ಪ ಕಚ್ಚಿನ ಟೈರು ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ. ನೋಡಲು ಗಡುಸಾಗಿದೆ ಎಂದು ಅದನ್ನು ಹಾಕಿಸಿದರೆ ಮೌನಕ್ಕೆ ಕೊಟ್ಟ ದುಡ್ಡೆಲ್ಲ ವ್ಯರ್ಥ. ಎರಡು, ಟೈರಿನ ಪಕ್ಕೆಯ ಎತ್ತರ. ಟೈರಿನ ಮೇಲೆ ಬರೆದಿರುವ ಅಂಕಿಗಳಿಂದಲೇ ಇದನ್ನು ಲೆಕ್ಕ ಹಾಕಬಹುದು. 225/50 ಎಂದಿದ್ದರೆ ಅಗಲ 225 ಮಿ.ಮೀ., ಪಕ್ಕೆ ಅದರ ಶೇ 50, ಅಂದರೆ 112 ಮಿ.ಮೀ.ಗಿಂತ ಕೊಂಚ ಹೆಚ್ಚು. 235/60 ಆದರೆ 141 ಮಿ.ಮೀ. ಆ ಸುಮಾರು ಮೂರು ಸೆಂಟಿಮೀಟರ್ ಹೆಚ್ಚುವರಿ ರಬ್ಬರೂ ಗಾಳಿಯೂ ಗುಂಡಿಯ ಮೊದಲ ಪೆಟ್ಟನ್ನು ತಿಂದುಕೊಳ್ಳುತ್ತವೆ. ದೊಡ್ಡ ಅಲಾಯ್ ಚಕ್ರ ಅಂದವಾಗಿ ಕಾಣುವುದು ಈ ಪಕ್ಕೆಯನ್ನು ಕಡಿಮೆ ಮಾಡಿಯೇ. ಒಂದೇ ಮಾದರಿಯಲ್ಲಿ 18 ಇಂಚು ಮತ್ತು 20 ಇಂಚಿನ ಆಯ್ಕೆ ಇದ್ದರೆ ನಮ್ಮ ರಸ್ತೆಗೆ 18 ಇಂಚೇ ಲೇಸು. ಮೂರು, ಗಾಳಿಯ ಒತ್ತಡ. ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಗಾಳಿ ತುಂಬಿಸುವ ಅಭ್ಯಾಸವೇ ಎಷ್ಟೋ ಕಾರುಗಳ ಕುಲುಕಾಟಕ್ಕೆ ಮೂಲ.

ಗಾಳಿಯ ಸದ್ದನ್ನು ತಡೆಯುವುದು ಬಾಗಿಲಿನ ರಬ್ಬರು ಮತ್ತು ಗಾಜು. ಎರಡು ಪದರದ ಗಾಜಿನ ನಡುವೆ ತೆಳುವಾದ ಮೆದು ಹಾಳೆ ಕೂರಿಸಿದ ‘ಅಕೌಸ್ಟಿಕ್ ಗ್ಲಾಸ್’ ಸದ್ದನ್ನು ಚೆನ್ನಾಗಿ ಹೀರುತ್ತದೆ. ಮುಂದಿನ ದೊಡ್ಡ ಗಾಜಿಗೆ ಮಾತ್ರ ಇದನ್ನು ಕೊಟ್ಟಿದ್ದಾರೋ, ಹಿಂದಿನ ಬಾಗಿಲುಗಳಿಗೂ ಇದೆಯೋ ಎಂದು ಕೇಳಿ. ಹಿಂದೆ ಕೂರುವವರಿಗೆ ಎರಡನೆಯದೇ ಮುಖ್ಯ.

ಅಳೆದೂ ನೋಡಬಹುದು. ಮೊಬೈಲಿನ ಡೆಸಿಬೆಲ್ ಆ್ಯಪ್ ಪ್ರಯೋಗಾಲಯದ ಉಪಕರಣವೇನಲ್ಲ, ಆದರೂ ಒಂದೇ ಫೋನು, ಒಂದೇ ರಸ್ತೆ, ಒಂದೇ ವೇಗ ಇಟ್ಟುಕೊಂಡರೆ ಎರಡು ಕಾರುಗಳನ್ನು ಹೋಲಿಸಲು ಸಾಕು. ಹೆದ್ದಾರಿ ವೇಗದಲ್ಲಿ ಸಾಮಾನ್ಯವಾಗಿ ಕಾರಿನೊಳಗೆ 60ರಿಂದ 70 ಡೆಸಿಬೆಲ್ ಇರುತ್ತದೆ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಸರಿಸುಮಾರು ಇಮ್ಮಡಿ ಅನ್ನಿಸುತ್ತದೆ. ಆದ್ದರಿಂದ ಎರಡು ಗಾಡಿಗಳ ನಡುವೆ ನಾಲ್ಕೈದು ಡೆಸಿಬೆಲ್ ವ್ಯತ್ಯಾಸ ಕಂಡರೂ ಅದು ಸಣ್ಣದಲ್ಲ. ಶಿರಾದವರು ಹೆದ್ದಾರಿ 48ರಲ್ಲಿ ಎಂಬತ್ತರ ವೇಗದಲ್ಲಿ, ಹಿಂದಿನ ಸೀಟಿನಲ್ಲಿ ಫೋನು ಹಿಡಿದು ನೋಡಲಿ.

ಮೆತ್ತಗಿರುವುದೆಲ್ಲ ಸುಖವಲ್ಲ

ಎಸ್‌ಯುವಿ ಅಂದರೆ ಒಂದೇ ಜಾತಿಯಲ್ಲ. ಫಾರ್ಚೂನರ್, ಸ್ಕಾರ್ಪಿಯೊ–ಎನ್ ಥರದವು ಏಣಿಯಾಕಾರದ ಗಟ್ಟಿ ಚಾಸಿಯ ಮೇಲೆ ಮೈ ಕೂರಿಸಿದ ಗಾಡಿಗಳು. ಕಲ್ಲುಕ್ವಾರಿ, ಕೆರೆ ಅಂಗಳ, ಕೆಸರು ದಾರಿಯಲ್ಲಿ ಇವಕ್ಕೆ ಸಾಟಿಯಿಲ್ಲ. ಆದರೆ ಫಾರ್ಚೂನರಿನ ಹಿಂದಿನ ಎರಡು ಚಕ್ರಗಳು ಒಂದೇ ಗಡುಸು ಆಕ್ಸಲಿಗೆ ಸೇರಿವೆ. ಒಂದು ಚಕ್ರ ಗುಂಡಿಗಿಳಿದರೆ ಇಡೀ ಹಿಂಭಾಗ ಪಕ್ಕಕ್ಕೆ ವಾಲಾಡುತ್ತದೆ. ಓಡಿಸುವವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ, ಹಿಂದೆ ಕೂತ ಹಿರಿಯರಿಗೆ ಚೆನ್ನಾಗಿ ತಿಳಿಯುತ್ತದೆ. ನಿಮ್ಮ ದಿನನಿತ್ಯದ ಓಡಾಟ ಕ್ವಾರಿಗೋ ಗುಡ್ಡದ ತೋಟಕ್ಕೋ ಇದ್ದರೆ ಅಂಥ ಗಾಡಿ ತನ್ನಿ. ಮಕ್ಕಳ ಶಾಲೆ, ಆಸ್ಪತ್ರೆ, ತುಮಕೂರು, ಬೆಂಗಳೂರು ಎಂದಾದರೆ ಬೇಡ.

ಮೈ ಮತ್ತು ಚಾಸಿ ಒಂದೇ ಆಗಿರುವ ಮೊನೊಕಾಕ್ ಗಾಡಿಗಳು ಹಗುರ, ನೆಲ ತಗ್ಗು, ಕಂಪನ ಕಡಿಮೆ. ಇವುಗಳಲ್ಲೂ ಹಿಂದಿನ ಸಸ್ಪೆನ್ಷನ್ ನೋಡಬೇಕು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಲ್ಲಿ ಹಿಂದೆ ಟಾರ್ಷನ್ ಬೀಮ್ ಇದೆ, ಅಂದರೆ ಎರಡು ಚಕ್ರಗಳೂ ಒಂದು ತೊಲೆಯ ಮೂಲಕ ಕೂಡಿಕೊಂಡಿವೆ. ಮೇಲಿನ ಮಾದರಿಗಳ ಟೈರು 225/50. ಒಳ್ಳೆಯ ರಸ್ತೆಯಲ್ಲಿ ತೇಲಿದಂತೆ ಹೋಗುವ ಈ ಗಾಡಿ ಕಿತ್ತುಹೋದ ರಸ್ತೆಯಲ್ಲಿ ಚೂಪು ಪೆಟ್ಟನ್ನು ಒಳಗೆ ಬಿಡುತ್ತದೆ. ಮಹೀಂದ್ರಾ ಎಕ್ಸ್‌ಯುವಿ700ರಲ್ಲಿ ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ಮೇಲಿನ ಮಾದರಿಗಳಲ್ಲಿ 235/60ರ ಟೈರು. ಬೆಲೆ ಕಡಿಮೆಯಾದರೂ ಹಳ್ಳಿ ರಸ್ತೆಯ ಗುಂಡಿ ನುಂಗುವುದರಲ್ಲಿ ಇದೇ ಮುಂದು. ಸ್ಕೋಡಾ ಕೊಡಿಯಾಕ್ ಇದೇ ದಾರಿಯ ಇನ್ನೂ ದುಬಾರಿ ಗಾಡಿ.

ಅದಕ್ಕೂ ಮೇಲೆ ಏರಿದರೆ ಸಿಗುವುದು ಏರ್ ಸಸ್ಪೆನ್ಷನ್: ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ವೋಲ್ವೊ ಎಕ್ಸ್‌ಸಿ90, ಆಡಿ ಕ್ಯೂ7, ಬಿಎಂಡಬ್ಲ್ಯು ಎಕ್ಸ್5 ಇಂಥವು. ಹಂಪಿನ ಮೇಲೆ ಗಾಡಿಯನ್ನು ಎತ್ತರಿಸಬಹುದು, ಹೆದ್ದಾರಿಯಲ್ಲಿ ತಗ್ಗಿಸಬಹುದು, ಹೊರೆ ಎಷ್ಟಿದ್ದರೂ ಗಾಡಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಮೌನ, ಸುಖ ಎರಡರಲ್ಲೂ ಇವಕ್ಕೆ ಸಮನಾದದ್ದು ಇಲ್ಲ. ಆದರೆ ಆರೇಳು ವರ್ಷದ ಮೇಲೆ ಆ ಚೀಲಗಳು ಸೋರಿದರೆ ಬದಲಿಸುವ ಖರ್ಚು ಲಕ್ಷಗಳಲ್ಲಿ. ಹೈಕ್ರಾಸ್ ಬೆಲೆಗೆ ಹಳೇ ಜರ್ಮನ್ ಗಾಡಿ ಸಿಗುತ್ತದೆಂದು ಹೊರಟವರು ಮೊದಲು ಇದನ್ನು ತಪಾಸಣೆ ಮಾಡಿಸಲಿ.

ಸಸ್ಪೆನ್ಷನ್ ವಿಪರೀತ ಮೆತ್ತಗಿದ್ದರೂ ತೊಂದರೆ. ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ಮೇಲೆ ಕೆಳಗೆ ಆಡುವ ಗಾಡಿ ನಮ್ಮ ದೇಹಕ್ಕೆ ಹಿತ. ಅದಕ್ಕಿಂತ ಬಹಳ ನಿಧಾನವಾದ ತೂಗಾಟ, ಐದು ಸೆಕೆಂಡಿಗೊಮ್ಮೆ ಬರುವ ಹೊಯ್ದಾಟ, ತಲೆಸುತ್ತು ತರಿಸುತ್ತದೆ. ಮಿಡಿಗೇಶಿ ಕಡೆಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಇದರಿಂದ. ಮೂರನೇ ಸಾಲಿನಲ್ಲಿ, ಕಿಟಕಿ ಚಿಕ್ಕದಿದ್ದು ಹೊರಗಿನ ದಾರಿ ಕಾಣದಿದ್ದರೆ ಇನ್ನೂ ಜಾಸ್ತಿ. ಏಳು ಸೀಟಿದೆ ಎಂದ ಮಾತ್ರಕ್ಕೆ ಏಳು ಜನಕ್ಕೂ ಸುಖವಿದೆ ಎಂದಲ್ಲ.

ಹತ್ತಿ ಇಳಿಯುವುದನ್ನೂ ನೋಡಿ. ಸೀಟಿನ ಎತ್ತರ ಸೊಂಟದ ಮಟ್ಟಕ್ಕಿದ್ದರೆ ಮಂಡಿನೋವಿನವರು ಪಕ್ಕಕ್ಕೆ ಕೂತು ಕಾಲು ಒಳಗೆಳೆದುಕೊಳ್ಳಬಹುದು. ಅದಕ್ಕಿಂತ ಮೇಲಿದ್ದರೆ ಸೀರೆ ಉಟ್ಟ ಅಜ್ಜಿಗೆ ಹತ್ತುವುದೇ ಒಂದು ಶಿಕ್ಷೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹಿಡಿದುಕೊಳ್ಳಲು ಕಂಬದ ಮೇಲೆ ಹಿಡಿಕೆ ಇದೆಯೇ, ಸೀಟು ತೊಡೆಯ ಕೆಳಗೆ ಮಂಡಿಯವರೆಗೆ ಆಸರೆ ಕೊಡುತ್ತದೆಯೇ, ಈ ಮೂರನ್ನು ಪರೀಕ್ಷಿಸದೆ ಮುಂಗಡ ಕೊಡಬೇಡಿ.

ಬಿಸಿಲು ಮತ್ತು ಹುರುಳಿ ಸೊಪ್ಪು

ಪಾವಗಡದ ಬಿಸಿಲು ಎಂಥದ್ದು ಎಂಬುದಕ್ಕೆ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕೇ ಸಾಕ್ಷಿ. 2018ರಲ್ಲಿ ಉದ್ಘಾಟನೆಯಾದ ಆ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿ 2,000 ಮೆಗಾವಾಟ್‌ಗೂ ಹೆಚ್ಚು ಸಾಮರ್ಥ್ಯಕ್ಕೆ ಬೆಳೆದಿದೆ. ಅಂಥ ಬಿಸಿಲಲ್ಲಿ ಛಾವಣಿಯುದ್ದದ ಗಾಜಿನ ಸನ್‌ರೂಫ್ ಉಪಕಾರಕ್ಕಿಂತ ಉಪದ್ರವ. ಪರದೆ ತೆಳುವಿದ್ದರೆ ಮಧ್ಯಾಹ್ನ ತಲೆ ಕಾಯುತ್ತದೆ. ಒಳಗೆ ಬಿಸಿ ಏರಿದರೆ ಎ.ಸಿ. ಫ್ಯಾನನ್ನು ಪೂರ್ತಿ ಇಡಬೇಕು, ಆ ಫ್ಯಾನಿನ ಸದ್ದೇ ಮೌನವನ್ನು ಕೆಡಿಸುತ್ತದೆ. ಬೇಗ ತಣ್ಣಗಾಗುವ ಗಾಡಿಯೇ ನಮ್ಮ ಕಡೆ ಮೌನದ ಗಾಡಿ. ಗಾಳಿಯಾಡುವ ಸೀಟು, ಎರಡನೇ ಸಾಲಿಗೆ ಪ್ರತ್ಯೇಕ ಎ.ಸಿ., ಕಿಟಕಿಗೆ ಎಳೆದುಕೊಳ್ಳುವ ಪರದೆ, ತಿಳಿ ಬಣ್ಣ, ಇವಕ್ಕೆ ದುಡ್ಡು ಹಾಕಿ. ಕ್ರಷರ್ ಧೂಳಿನ ರಸ್ತೆಗಳಲ್ಲಿ ಓಡುವ ಗಾಡಿಯ ಕ್ಯಾಬಿನ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕು.

ಇನ್ನೊಂದು ವಿಷಯ ಯಾವ ಕಂಪನಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹಾಸಿ ಗಾಡಿಗಳಿಂದ ಒಕ್ಕಣೆ ಮಾಡಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಕಣ ಕಾಣೆಯಾದ ರೈತನ ಕಷ್ಟ ಅದರಲ್ಲಿದೆ. ಆದರೆ ಹುರುಳಿಯ ಒಣಬಳ್ಳಿ ಕಾರಿನಡಿ ಸಿಕ್ಕಿಕೊಂಡು, ಆಕ್ಸಲಿಗೆ ಸುತ್ತಿ, ಹೊಗೆಕೊಳವೆಯ ಬಿಸಿಗೆ ಹೊತ್ತಿ ಇಡೀ ಗಾಡಿ ಸುಟ್ಟುಹೋದ ಘಟನೆಗಳು ರಾಜ್ಯದಲ್ಲಿ ವರದಿಯಾಗುತ್ತಲೇ ಇವೆ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ. ಅದು ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಒಳಗಿನ ಬಿಸಿ 600 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಸೊಪ್ಪಿನ ಮೇಲೆ ಹೋಗಲೇಬೇಡಿ. ಹೋಗಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಿತ್ತು ಹಾಕಿ. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ.

ಯಾವ ಎಂಜಿನ್

ಡೀಸೆಲ್ ಉದ್ದ ದಾರಿಗೆ ಒಳ್ಳೆಯದು. ಆದರೆ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಊರೊಳಗೇ ಸುತ್ತುವ ಮನೆಗೆ ಡಿಪಿಎಫ್ ಕಟ್ಟಿಕೊಳ್ಳುವ ತಲೆನೋವು. ಪಾವಗಡದಿಂದ ತುಮಕೂರಿಗೆ ಆಗಾಗ ಹೋಗುವವರಿಗೆ ಆ ಸಮಸ್ಯೆ ಇಲ್ಲ. ಟರ್ಬೊ ಪೆಟ್ರೋಲ್ ನಯ, ಇಂಧನ ಮಾತ್ರ ಹೆಚ್ಚು ಕುಡಿಯುತ್ತದೆ. ಹೈಕ್ರಾಸ್‌ನಂಥ ಸ್ಟ್ರಾಂಗ್ ಹೈಬ್ರಿಡ್ ಊರೊಳಗೆ ಎಷ್ಟೋ ಹೊತ್ತು ಬ್ಯಾಟರಿಯಲ್ಲೇ ಸದ್ದಿಲ್ಲದೆ ಚಲಿಸುತ್ತದೆ. ಲೀಟರಿಗೆ 23.24 ಕಿ.ಮೀ. ಎಂಬುದು ಅದರ ಪ್ರಮಾಣಿತ ಮೈಲೇಜು. ಒಮ್ಮೆಗೇ ಆಕ್ಸಲರೇಟರ್ ತುಳಿದರೆ ಎಂಜಿನ್ ಗೋಳಿಡುತ್ತದೆ, ನಿಧಾನಕ್ಕೆ ಓಡಿಸುವ ಮನೆಗೆ ಅದು ದೊಡ್ಡ ದೋಷವಲ್ಲ.

ವಿದ್ಯುತ್ ಕಾರು ಎಲ್ಲಕ್ಕಿಂತ ಮೌನ. ಎಂಜಿನ್ ಸದ್ದು ಇಲ್ಲದ್ದರಿಂದ ಟೈರಿನದು ಎದ್ದು ಕೇಳುತ್ತದೆ, ಹೀಗಾಗಿ ಟೈರಿನ ಆಯ್ಕೆ ಇನ್ನೂ ಮುಖ್ಯ. ಸ್ವಂತ ಮನೆ, ಸ್ವಂತ ಪಾರ್ಕಿಂಗ್, ಛಾವಣಿಯ ಮೇಲೆ ಸೋಲಾರ್ ಇರುವ ಕೊರಟಗೆರೆ, ಶಿರಾದವರಿಗೆ ಇದು ಧೈರ್ಯವಾಗಿ ಹೇಳಬಹುದಾದ ಆಯ್ಕೆ. ಪಾವಗಡದವರು ಬೆಂಗಳೂರಿಗೆ ಹೋಗಿ ಅದೇ ದಿನ ಮರಳುವ ದೂರ 300 ಕಿ.ಮೀ. ಆಸುಪಾಸು. ಬಿಸಿಲಿಗೆ ಎ.ಸಿ. ಹಾಕಿಕೊಂಡು ಅಷ್ಟು ದೂರ ಓಡುತ್ತದೆಯೇ, ಇಲ್ಲವಾದರೆ ದಾರಿಯಲ್ಲಿ ಎಲ್ಲಿ ಚಾರ್ಜ್ ಮಾಡುವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ತೆರಿಗೆ, ಸರ್ವಿಸ್, ಸ್ಟೆಪ್ನಿ

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಜಿಎಸ್‌ಟಿ ಶೇ 40. ಅದಕ್ಕೆ ಮುಂಚೆ ಸೆಸ್ ಸೇರಿ ಶೇ 50ರವರೆಗೆ ಇತ್ತು. ವಿದ್ಯುತ್ ಕಾರಿಗೆ ಶೇ 5. ಇದು ಷೋರೂಂ ಬೆಲೆಯಲ್ಲೇ ಸೇರಿರುತ್ತದೆ. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18, ಉಪಕರ ಸೇರಿದರೆ ಶೇ 20ರ ಹತ್ತಿರ. 30 ಲಕ್ಷದ ಗಾಡಿಗೆ ಸುಮಾರು 6 ಲಕ್ಷ, 75 ಲಕ್ಷದ್ದಕ್ಕೆ ಸುಮಾರು 15 ಲಕ್ಷ ತೆರಿಗೆಯೇ ಆಗುತ್ತದೆ. ತೆರಿಗೆ ಉಳಿಸಲು ಹೊರರಾಜ್ಯದ ನೋಂದಣಿಗೆ ಮನಸ್ಸು ಮಾಡಬೇಡಿ. ನೋಂದಣಿಯಾದ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲಿ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಕಡ್ಡಾಯ.

ಲಕ್ಸುರಿ ಬ್ರಾಂಡ್‌ಗಳ ಸರ್ವಿಸ್‌ಗೆ ನಮ್ಮವರು ಬೆಂಗಳೂರಿಗೇ ಹೋಗಬೇಕು. ಮಧುಗಿರಿಯಿಂದ ನೂರು ಕಿಲೋಮೀಟರಿಗೂ ಮೇಲೆ, ಪಾವಗಡದಿಂದ ನೂರೈವತ್ತು. ಒಂದು ಸಣ್ಣ ಸೆನ್ಸರ್ ಕೆಟ್ಟರೂ ಟೋಯಿಂಗ್ ಗಾಡಿ ಬರುವವರೆಗೆ ಕಾಯಬೇಕು. ತುಮಕೂರಿನಲ್ಲೇ ಸರ್ವಿಸ್ ಸಿಗುವ ಗಾಡಿ ತಂದರೆ ಈ ಅಲೆದಾಟ ತಪ್ಪುತ್ತದೆ, ನಮ್ಮಂಥ ಊರಿನಲ್ಲಿ ಅದನ್ನೂ ಸುಖದ ಲೆಕ್ಕಕ್ಕೇ ಸೇರಿಸಬೇಕು. ಸ್ಟೆಪ್ನಿಯ ಬಗ್ಗೆಯೂ ಖಚಿತಪಡಿಸಿಕೊಳ್ಳಿ. ಕೆಲವು ದುಬಾರಿ ಗಾಡಿಗಳಲ್ಲಿ ಪೂರ್ಣ ಗಾತ್ರದ ಸ್ಟೆಪ್ನಿ ಇರುವುದಿಲ್ಲ. ಕೆಲವು ಪಂಕ್ಚರ್ ಆದರೂ ಓಡುವ ರನ್‌ಫ್ಲ್ಯಾಟ್ ಟೈರಿನಲ್ಲಿ ಬರುತ್ತವೆ, ಅದರ ಪಕ್ಕೆ ಗಡುಸಾದ್ದರಿಂದ ಕುಲುಕಾಟವೂ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಆಂಧ್ರದ ಗಡಿಯಲ್ಲಿ ಟೈರು ಸಿಡಿದರೆ ಏನು ಗತಿ ಎಂದು ಯೋಚಿಸಿಯೇ ನಿರ್ಧರಿಸಿ.

ಸುರಕ್ಷೆಯಲ್ಲಿ ರಾಜಿ ಬೇಡ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ಇದೆ, ಅದರ ಅಂಕ ನೋಡಿ. ಗಾಡಿ ಎಷ್ಟೇ ಗಟ್ಟಿಯಿದ್ದರೂ ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಉಪಯೋಗವಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಪ್ರೀತಿಗಿಂತ ಅವನಿಗೊಂದು ಮಕ್ಕಳ ಸೀಟು ಕೊಡಿಸುವ ಪ್ರೀತಿ ದೊಡ್ಡದು.

ಹೀಗೆ ತೀರ್ಮಾನಿಸಿ

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಊರೊಳಗಿನ ಓಡಾಟ, ತುಮಕೂರು, ತಿಂಗಳಿಗೊಮ್ಮೆ ಬೆಂಗಳೂರು ಎನ್ನುವ ಮನೆಗೆ ಹೈಕ್ರಾಸ್ ಹೈಬ್ರಿಡ್. ದಿನವೂ ಕಿತ್ತುಹೋದ ರಸ್ತೆಯಲ್ಲಿ ಓಡಬೇಕಾದ ಮನೆಗೆ ಎಕ್ಸ್‌ಯುವಿ700 ಥರದ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿ. ಬೆಂಗಳೂರಿನಲ್ಲೂ ಮನೆಯಿದ್ದು, ಸರ್ವಿಸ್ ಖರ್ಚು ಭಾರವಲ್ಲದವರಿಗೆ ಏರ್ ಸಸ್ಪೆನ್ಷನ್ನಿನ ದೊಡ್ಡ ಗಾಡಿ.

ಷೋರೂಂನವರು ಕೊಡುವ ಹತ್ತು ನಿಮಿಷದ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ. ಗಾಡಿಯನ್ನು ನಿಮ್ಮೂರಿಗೇ ತರಲು ಹೇಳಿ. ಇಷ್ಟು ದುಡ್ಡು ಕೊಡುವ ಗಿರಾಕಿ ಹಾಗೆ ಕೇಳುವುದು ತಪ್ಪಲ್ಲ. ಟೈರಿನ ಗಾಳಿ ಚೀಟಿಯಲ್ಲಿರುವಷ್ಟೇ ಇದೆಯೇ ಎಂದು ಪೆಟ್ರೋಲ್ ಬಂಕಿನಲ್ಲಿ ನೋಡಿಸಿ. ಮನೆಮಂದಿಯೆಲ್ಲ ಕೂತುಕೊಳ್ಳಿ, ಖಾಲಿ ಗಾಡಿ ಬೇರೆ ಥರ ಓಡುತ್ತದೆ, ತುಂಬಿದ್ದು ಬೇರೆ ಥರ. ಮಧ್ಯಾಹ್ನದ ಬಿಸಿಲಲ್ಲಿ ಹೊರಡಿ. ನಿಮ್ಮೂರಿನ ಅತಿ ಕೆಟ್ಟ ಹಂಪನ್ನು ಎರಡು ವೇಗದಲ್ಲಿ ದಾಟಿ, ಹೆದ್ದಾರಿಯಲ್ಲಿ ಎಂಬತ್ತಕ್ಕೆ ಏರಿಸಿ ಮೆಲುದನಿಯಲ್ಲಿ ಮಾತಾಡಿ, ಹಿಂದಿನವರಿಗೆ ಕೇಳುತ್ತದೆಯೇ ನೋಡಿ. ಸ್ಟೀರಿಂಗನ್ನು ಬೇರೆಯವರಿಗೆ ಕೊಟ್ಟು, ಅರ್ಧ ದಾರಿ ನೀವೇ ಹಿಂದೆ ಕೂತು ಬನ್ನಿ.

ಕೊನೆಯ ಮಾತು ಮನೆಯ ಹಿರಿಯರದ್ದಾಗಲಿ. ‘ನನಗೇನಪ್ಪಾ, ಯಾವುದಾದರೂ ಆದೀತು’ ಎಂದು ಅವರು ಅಂದೇ ಅನ್ನುತ್ತಾರೆ. ಮಗನ ಆಸೆಗೆ ಅಡ್ಡ ಬರಬಾರದೆಂಬ ಮನಸ್ಸು ಅದು, ಅದನ್ನೇ ಒಪ್ಪಿಗೆ ಎಂದುಕೊಳ್ಳಬೇಡಿ. ಎರಡನೇ ದಿನ ಬೆಳಿಗ್ಗೆ ಬೆನ್ನು ಹೇಗಿದೆ, ಮಂಡಿ ಹೇಗಿದೆ ಎಂದು ಕೇಳಿ. ಆ ಉತ್ತರ ಸಿಕ್ಕ ಮೇಲೆ ಮುಂಗಡ ಕೊಡಿ. ಸಾಲದ ಕಂತು ಐದು ವರ್ಷಕ್ಕೋ ಏಳು ವರ್ಷಕ್ಕೋ ತೀರಿಹೋಗುತ್ತದೆ. ಅಷ್ಟೂ ವರ್ಷ ಆಸ್ಪತ್ರೆಗೂ ಮದುವೆಗೂ ಜಾತ್ರೆಗೂ ಆ ಸೀಟಿನಲ್ಲಿ ಕೂತು ಬರಬೇಕಾದವರು ಅವರು.